ಸೋರುವ ಎಣ್ಣೆಯ ಮೂಲ

ಹತ್ತಿಯ ಸುಗ್ಗಿ ತೊಡಗಿ, ಸುತ್ತಣ ಹಳ್ಳಿಗಳ ಟ್ರ್ಯಾಕ್ಟರುಗಳೂ ಲಾರಿಗಳೂ ಬಿಳಿಯ ಹೊರೆ ಹೊತ್ತು ಆದೋನಿಯ ಮಾರುಕಟ್ಟೆಯತ್ತ ಸಾಲುಗೊಳ್ಳುವ ತಿಂಗಳುಗಳಲ್ಲಿ, ಆಲೂರಿನ ದಾರಿಯಾಗಲಿ ಕೌತಾಳದ ದಾರಿಯಾಗಲಿ ಎಮ್ಮಿಗನೂರಿನ ದಾರಿಯಾಗಲಿ, ಯಾವುದನ್ನು ಹಿಡಿದು ಬಂದರೂ, ಎರೆಭೂಮಿಯ ನುಣುಪಾದ ಧೂಳಿಯೂ ಜಿನ್ನಿಂಗ್ ಕಾರ್ಖಾನೆಗಳಿಂದ ತೇಲಿಬರುವ ಅರಳೆಯ ಎಳೆಗಳೂ ಒಂದರೊಳಗೊಂದು ಬೆರೆತು ವಾಹನಗಳ ಮೈಮೇಲೆಲ್ಲ ಕೂರುತ್ತವೆ. ಒಣಗಿದ ಲೋಹದ ಮೇಲೆ ಕುಳಿತ ಧೂಳಿ ಬಟ್ಟೆಯ ಒಂದು ಒರಸಿಗೆ ಹೋಗಿಬಿಡುವುದು. ಆದರೆ ಎಣ್ಣೆಯ ಪಸೆ ಇದ್ದೆಡೆಯಲ್ಲಿ ಅದು ಅಂಟಿಕೊಂಡು, ಅರಳೆಯ ಎಳೆಗಳಿಂದ ಹೆಣೆದುಕೊಂಡು, ದಿನ ಕಳೆದಂತೆ ದಪ್ಪನೆಯ ಕಪ್ಪು ಪೊರೆಯಾಗಿ ಬೆಳೆಯುತ್ತದೆ. ಈ ಸೀಮೆಯ ಕಾರೊಂದರ ಬಾನೆಟ್ಟನ್ನು ಎತ್ತಿ ಇಂಥ ಪೊರೆಯನ್ನು ಕಂಡವರು, ನಮ್ಮ ಕಡೆ ಧೂಳು ಹೆಚ್ಚು ಎಂದು ಸಮಾಧಾನಪಟ್ಟುಕೊಂಡು ಬಾನೆಟ್ಟನ್ನು ಮತ್ತೆ ಮುಚ್ಚುವುದೇ ವಾಡಿಕೆ. ಧೂಳು ಹೆಚ್ಚೆಂಬುದು ನಿಜ. ಆದರೆ ಆ ಧೂಳಿಯನ್ನು ಹಿಡಿದಿಟ್ಟಿರುವುದು ಎಣ್ಣೆ. ಆ ಎಣ್ಣೆ ಎಂಜಿನ್ನಿನ ಒಳಗೇ ಇರಬೇಕಾದದ್ದು. ಅದು ಹೊರಗೆ ಬಂದಿದೆಯೆಂಬುದಕ್ಕೆ ಆ ಕಪ್ಪು ಪೊರೆಗಿಂತ ಬಲವಾದ ಸಾಕ್ಷ್ಯ ಬೇಕಾಗಿಲ್ಲ.

ಆದೋನಿ ಮತ್ತು ಆಲೂರು ತಾಲ್ಲೂಕುಗಳು ಹಿಂದೆ ಬಳ್ಳಾರಿ ಜಿಲ್ಲೆಯ ಅಂಗಗಳಾಗಿದ್ದುವು. ೧೯೫೩ನೆಯ ಇಸವಿ ಅಕ್ಟೋಬರ್ ೧ರಂದು ಆಂಧ್ರರಾಜ್ಯವು ಉದಯಿಸಿದಾಗ, ಬಳ್ಳಾರಿಯ ಬಹುಭಾಗವು ಮೈಸೂರಿಗೆ ಸೇರಿ, ಈ ಎರಡು ತಾಲ್ಲೂಕುಗಳು ಕರ್ನೂಲು ಜಿಲ್ಲೆಯ ಪಾಲಾದುವು. ಗಡಿಯ ಗೆರೆ ಸರಿದರೂ ಕೊಳುಕೊಡೆ ನಿಲ್ಲಲಿಲ್ಲ. ಹೊಳಗುಂದ, ಹಾಲಹರ್ವಿ, ಕೋಸಿಗಿಗಳ ಜನ ಮದುವೆ ಮುಂಜಿಗಳಿಗೆ ಸಿರುಗುಪ್ಪಕ್ಕೂ, ಆಸ್ಪತ್ರೆಗೆ ಬಳ್ಳಾರಿಗೂ, ವ್ಯಾಪಾರಕ್ಕೆ ರಾಯಚೂರಿಗೂ ಹೋಗಿಬರುತ್ತಲೇ ಇದ್ದಾರೆ; ರಾಯರ ದರ್ಶನಾರ್ಥವಾಗಿ ಕರ್ನಾಟಕದ ನಾನಾ ಕಡೆಗಳಿಂದ ಮಂತ್ರಾಲಯಕ್ಕೆ ಬರುವ ಕಾರುಗಳಿಗಂತೂ ಲೆಕ್ಕವಿಲ್ಲ. ಆದುದರಿಂದ ಇಲ್ಲಿನ ಶೆಡ್ಡುಗಳಲ್ಲಿ ಮೇಸ್ತ್ರಿಗಳ ಮಾತು ಕನ್ನಡ, ತೆಲುಗು, ಉರ್ದು ಮೂರರಲ್ಲಿಯೂ ಸಲೀಸಾಗಿ ಓಡಾಡುತ್ತದೆ. ಮೂರರಲ್ಲಿಯೂ ಪದೇಪದೇ ಕೇಳಿಬರುವ ದೂರುಗಳಲ್ಲೊಂದು, ‘ಗಾಡಿ ಆಯಿಲ್ ಬಿಡ್ತದ, ಸ್ವಲ್ಪ ನೋಡಣ್ಣ’ ಎಂಬುದು. ಕಾರಿನ ಒಡೆಯನು ಮೇಸ್ತ್ರಿಯೇ ಆಗಬೇಕೆಂದು ನಾನು ಹೇಳುವುದಿಲ್ಲ. ಆದರೆ ಎಣ್ಣೆ ಎಲ್ಲಿಂದ, ಯಾವ ಕಾರಣದಿಂದ ಸೋರುತ್ತದೆಂಬುದನ್ನು ಅರಿತವನು ಅನಾವಶ್ಯಕವಾದ ವೆಚ್ಚದಿಂದಲೂ ಅಕಾಲದ ಅಪಾಯದಿಂದಲೂ ಪಾರಾಗಬಲ್ಲನೆಂಬುದು ನನ್ನ ದೃಢವಾದ ನಂಬಿಕೆ.

ಮೊದಲು ಎಣ್ಣೆಯ ಸಂಚಾರಕ್ರಮವನ್ನು ತಿಳಿಯಬೇಕು. ಎಂಜಿನ್ನಿನ ತಳದಲ್ಲಿ ಆಳವಾದ ತಟ್ಟೆಯಂಥ ಒಂದು ಪಾತ್ರವಿದೆ. ಪುಸ್ತಕಗಳು ಅದನ್ನು ಸಂಪ್ ಎನ್ನುತ್ತವೆ, ನಮ್ಮ ಮೇಸ್ತ್ರಿಗಳು ಚೇಂಬರ್ ಎನ್ನುತ್ತಾರೆ. ಸಣ್ಣ ಕಾರುಗಳಲ್ಲಿ ಸುಮಾರು ೩ರಿಂದ ೪ ಲೀಟರ್ ಎಣ್ಣೆ ಅದರಲ್ಲಿ ನಿಂತಿರುತ್ತದೆ. ಎಂಜಿನ್ ತಿರುಗಿದೊಡನೆ ಪಂಪು ಒಂದು ಜಾಲರಿಯ ಮೂಲಕ ಈ ಎಣ್ಣೆಯನ್ನು ಹೀರಿ, ಫಿಲ್ಟರಿನಲ್ಲಿ ಸೋಸಿ, ಎಂಜಿನ್ನಿನ ಲೋಹದೊಳಗೆ ಕೊರೆದಿರುವ ಕಾಲುವೆಗಳ ಮೂಲಕ ಕ್ರ್ಯಾಂಕ್ ದಂಡದ ಬೇರಿಂಗುಗಳಿಗೂ, ಅಲ್ಲಿಂದ ಮೇಲಕ್ಕೆ ಕ್ಯಾಮ್ ದಂಡಕ್ಕೂ ವಾಲ್ವುಗಳಿಗೂ ಒತ್ತಡದಿಂದ ದೂಡುತ್ತದೆ. ಬಿಸಿಯೇರಿದ ಎಂಜಿನ್ ವೇಗವಾಗಿ ಓಡುತ್ತಿರುವಾಗ ಈ ಒತ್ತಡವು ಸಾಮಾನ್ಯವಾಗಿ ಪ್ರತಿ ಚದರ ಸೆಂಟಿಮೀಟರಿಗೆ ೩-೪ ಕಿಲೋಗ್ರಾಮಿನಷ್ಟು ಇರುತ್ತದೆ. ನಿಂತಲ್ಲೇ ಮೆಲ್ಲನೆ ತಿರುಗುತ್ತಿರುವಾಗ ಅದು ಒಂದು ಕಿಲೋಗ್ರಾಮಿನ ಆಸುಪಾಸಿಗೆ ಇಳಿಯುವುದುಂಟು. ತನ್ನ ಕೆಲಸ ಮುಗಿಸಿದ ಎಣ್ಣೆ ಭಾರದಿಂದ ತಾನಾಗಿ ಕೆಳಗಿಳಿದು ಚೇಂಬರನ್ನು ಸೇರುತ್ತದೆ. ಹೀಗೆ ಏರುವ ದಾರಿಯಲ್ಲಿ ಎಣ್ಣೆಗೆ ಒತ್ತಡವಿದೆ, ಇಳಿಯುವ ದಾರಿಯಲ್ಲಿ ಇಲ್ಲ. ಈ ಭೇದವನ್ನು ಕಾರಿನ ಒಡೆಯನು ಮನಸ್ಸಿನಲ್ಲಿಟ್ಟಿರತಕ್ಕದ್ದು. ಇಳಿಯುವ ದಾರಿಯ ಸೋರಿಕೆ ತಿಂಗಳುಗಟ್ಟಲೆ ಜಿನುಗುತ್ತ ಗಾಡಿಯನ್ನು ಕೊಳಕು ಮಾಡೀತು. ಏರುವ ದಾರಿಯಲ್ಲಿ, ಎಂದರೆ ಫಿಲ್ಟರು, ಎಣ್ಣೆಯ ಒತ್ತಡವನ್ನಳೆಯುವ ಸ್ವಿಚ್ಚು, ಟರ್ಬೋಗೆ ಎಣ್ಣೆಯೊಯ್ಯುವ ಕೊಳವೆ, ಇವುಗಳಲ್ಲಿ ಒಂದು ಬಾಯಿಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಚೇಂಬರು ಬರಿದಾದೀತು.

ಎಂಜಿನ್ ಒಂದೇ ಎರಕದ ವಸ್ತುವಲ್ಲ. ಬ್ಲಾಕು, ಅದರ ಮೇಲೆ ಹೆಡ್ಡು, ಹೆಡ್ಡಿನ ಮೇಲೆ ಟ್ಯಾಪೆಟ್ ಕವರು, ಮುಂದೆ ಟೈಮಿಂಗ್ ಕವರು, ಕೆಳಗೆ ಚೇಂಬರು, ಹೀಗೆ ಹಲವು ಭಾಗಗಳನ್ನು ಬೋಲ್ಟುಗಳಿಂದ ಬಿಗಿದು ಅದನ್ನು ಕಟ್ಟಿರುತ್ತಾರೆ. ಪ್ರತಿಯೊಂದು ಸಂಧಿಯಲ್ಲಿಯೂ ಲೋಹಕ್ಕೂ ಲೋಹಕ್ಕೂ ನಡುವೆ ಕಾರ್ಕು, ಕಾಗದ, ರಬ್ಬರು ಇವುಗಳಲ್ಲೊಂದರ ಪ್ಯಾಕಿಂಗ್ ಇರುತ್ತದೆ, ಈಚಿನ ಎಂಜಿನ್ನುಗಳಲ್ಲಿ ಎಷ್ಟೋ ಕಡೆ ಸಿಲಿಕೋನ್ ಅಂಟು ಮಾತ್ರವೇ ಇರುತ್ತದೆ. ನಿಂತ ಸಂಧಿಗಳ ವ್ಯವಸ್ಥೆ ಇದಾದರೆ, ತಿರುಗುವ ದಂಡವು ಗೋಡೆಯನ್ನು ಭೇದಿಸಿ ಹೊರಬರುವ ಕಡೆ ಅದರ ಮೈಗೆ ಮೃದುವಾದ ತುಟಿಯನ್ನು ಒತ್ತಿ ನಿಲ್ಲುವ ಆಯಿಲ್ ಸೀಲ್ ಬೇಕು. ಇಂಥ ಸೀಲುಗಳು ಮೊದಮೊದಲು ಚರ್ಮದವಾಗಿದ್ದುವು. ಜರ್ಮನಿಯ ಫ್ರಾಯ್ಡೆನ್‌ಬರ್ಗ್ ಎಂಬ ಚರ್ಮೋದ್ಯಮದಲ್ಲಿ ವಾಲ್ಟರ್ ಸಿಮ್ಮರ್ ಎಂಬ ಎಂಜಿನಿಯರು ೧೯೩೦ರ ಆಸುಪಾಸಿನಲ್ಲಿ ರೂಪಿಸಿದ ಉಂಗುರವು ಇಂದಿನ ಸೀಲಿನ ಪೂರ್ವಜವೆನ್ನಬಹುದು. ದುಂಡನೆಯ ರಬ್ಬರು ಬಳೆಯಾದ ಓ-ರಿಂಗಿಗೆ ಅಮೆರಿಕದಲ್ಲಿ ೧೯೩೭ರಲ್ಲಿ ಪೇಟೆಂಟ್ ಕೋರಿದವರು ಡೆನ್ಮಾರ್ಕಿನಲ್ಲಿ ಹುಟ್ಟಿದ ನೀಲ್ಸ್ ಕ್ರಿಸ್ಟೆನ್ಸನ್. ಆಗ ಅವರು ಎಪ್ಪತ್ತು ದಾಟಿದ ವೃದ್ಧರು.

ರಬ್ಬರಿನ ಮುಖ್ಯ ಗುಣ ಅದರ ಸ್ಥಿತಿಸ್ಥಾಪಕತ್ವ: ಒತ್ತಿದರೆ ಮಣಿದು, ಬಿಟ್ಟರೆ ತಿರುಗಿ ತನ್ನ ರೂಪಕ್ಕೆ ಬಂದು, ಎದುರಿನ ಲೋಹದ ಮೇಲೆ ಸದಾ ಒತ್ತಿಕೊಂಡಿರುವುದು. ಈ ಗುಣ ನಾಶವಾದಂದು ಅದು ಬರಿಯ ಬಳೆ. ೧೯೮೬ರ ಜನವರಿ ೨೮ರಂದು ಅಮೆರಿಕದ ಚಾಲೆಂಜರ್ ಎಂಬ ಅಂತರಿಕ್ಷನೌಕೆ ಹಾರಿದ ಎಪ್ಪತ್ತಮೂರು ಸೆಕೆಂಡುಗಳಲ್ಲಿ ಛಿದ್ರವಾಗಿ ಏಳು ಮಂದಿ ಮಡಿದುದಕ್ಕೆ, ಆ ಮುಂಜಾವಿನ ಕಡುಚಳಿಯಲ್ಲಿ ಪಾರ್ಶ್ವದ ರಾಕೆಟ್ಟಿನ ಸಂಧಿಯೊಂದರ ಓ-ರಿಂಗುಗಳು ಪೆಡಸಾಗಿ, ಬಿರುಕನ್ನು ತುಂಬಲಾರದೆ ಹೋದುದೇ ಕಾರಣವೆಂದು ವಿಚಾರಣೆಯಿಂದ ಸ್ಥಿರಪಟ್ಟಿತು. ಅಲ್ಲಿ ಚಳಿ ಮಾಡಿದ ಕೆಲಸವನ್ನು ನಮ್ಮ ಸೀಮೆಯಲ್ಲಿ ಕಾವು ಮಾಡುತ್ತದೆ. ಬೇಸಗೆಯ ಮಧ್ಯಾಹ್ನ ೪೦ ಡಿಗ್ರಿ ದಾಟಿದ ಗಾಳಿಯಲ್ಲಿ, ೧೦೦ ಡಿಗ್ರಿಯನ್ನು ಮುಟ್ಟಿದ ಎಣ್ಣೆಯಲ್ಲಿ ಮಿಂದು, ಸಂಜೆ ತಣಿದು, ಮರುದಿನ ಮತ್ತೆ ಕಾದು, ವರ್ಷಗಳ ಮೇಲೆ ವರ್ಷ ಹೀಗೆ ಬೇಯುವ ರಬ್ಬರು ಕ್ರಮೇಣ ಗಡುಸಾಗಿ, ಉಗುರಿನಿಂದ ಒತ್ತಿದರೆ ಮಣಿಯದಂತಾಗಿ, ಬಾಗಿಸಿದರೆ ಲಟ್ಟನೆ ಮುರಿಯುತ್ತದೆ. ಕಾರ್ಕಿನದು ಇನ್ನೂ ಕಷ್ಟ. ಅದು ಒಣಗಿ ಕುಗ್ಗುತ್ತದೆ. ಇದು ಯಾರ ದೋಷವೂ ಅಲ್ಲ. ಕಾಲವೂ ತಾಪವೂ ಸೇರಿ ಮಾಡುವ ಸಹಜವಾದ ಕ್ಷಯ.

ಆದರೆ ಹೊಸ ಸೀಲು ಹಾಕಿದ ತಿಂಗಳೊಳಗೇ ಮತ್ತೆ ಎಣ್ಣೆ ಕಾಣಿಸಿಕೊಂಡರೆ ಅದಕ್ಕೆ ಬೇರೊಂದು ಹೇತುವನ್ನು ಹುಡುಕಬೇಕು, ಮತ್ತು ನಮ್ಮ ಭಾಗದಲ್ಲಿ ಆ ಹೇತು ಬಹಳ ಸಲ ಧೂಳಿನಿಂದಲೇ ಹುಟ್ಟಿದ್ದಾಗಿರುತ್ತದೆ. ಸಿಲಿಂಡರಿನಲ್ಲಿ ಇಂಧನ ಉರಿದಾಗ ಹುಟ್ಟುವ ಅನಿಲದಲ್ಲಿ ಅಲ್ಪಾಂಶವು ಪಿಸ್ಟನ್ ರಿಂಗುಗಳ ಸಂದಿನಿಂದ ನುಸುಳಿ ಚೇಂಬರಿನ ಕಡೆಗೆ ಇಳಿಯುವುದು ಎಲ್ಲ ಎಂಜಿನ್ನುಗಳಲ್ಲಿಯೂ ಉಂಟು. ಈ ಅನಿಲ ಹೊರಹೋಗಲೆಂದೇ ಬ್ರೀದರ್ ಎಂಬ ಉಸಿರುಕೊಳವೆಯನ್ನೂ, ಅದು ಮತ್ತೆ ಎಂಜಿನ್ನಿನ ಒಳಹರಿವಿಗೆ ಸೇರಿ ಉರಿದುಹೋಗಲೆಂದು ಪಿಸಿವಿ ಎಂಬ ಪುಟ್ಟ ವಾಲ್ವನ್ನೂ ಇಟ್ಟಿರುತ್ತಾರೆ. ಕೊಳವೆಯಲ್ಲಿ ಜಿಡ್ಡೂ ಧೂಳೂ ಸೇರಿ ಗಟ್ಟಿಯಾದರೆ ಅನಿಲಕ್ಕೆ ದಾರಿ ಕಟ್ಟಿಹೋಗುತ್ತದೆ. ಒಳಗೆ ಒತ್ತಡ ಬೆಳೆಯುತ್ತದೆ. ಆಗ ಎಣ್ಣೆಯು ಅತ್ಯಂತ ದುರ್ಬಲವಾದ ಸಂಧಿಯನ್ನು ಆರಿಸಿಕೊಂಡು ಹೊರಬರುತ್ತದೆ. ಇನ್ನೊಂದು ಕಡೆಯಿಂದಲೂ ಈ ಅನರ್ಥ ಬರುವುದುಂಟು. ಏರ್ ಫಿಲ್ಟರು ಹರಿದಿದ್ದರೂ ಸರಿಯಾಗಿ ಕೂರದಿದ್ದರೂ ಎರೆಮಣ್ಣಿನ ಧೂಳಿ ನೇರವಾಗಿ ಸಿಲಿಂಡರನ್ನು ಹೊಕ್ಕು ರಿಂಗುಗಳನ್ನೂ ಗೋಡೆಯನ್ನೂ ತೇಯುತ್ತದೆ; ತೇದ ರಿಂಗುಗಳಿಂದ ನುಸುಳುವ ಅನಿಲ ಇಮ್ಮಡಿಸುತ್ತದೆ; ಅಷ್ಟನ್ನು ಹೊರಹಾಕಲು ಶುದ್ಧವಾದ ಬ್ರೀದರಿಗೂ ಆಗುವುದಿಲ್ಲ. ಇಂಥ ಎಂಜಿನ್ನಿಗೆ ಎಷ್ಟು ಸೀಲು ಬದಲಾಯಿಸಿದರೂ ವ್ಯರ್ಥ. ಎಂಜಿನ್ ಮೆಲ್ಲನೆ ತಿರುಗುತ್ತಿರುವಾಗ ಎಣ್ಣೆ ಹಾಕುವ ಮುಚ್ಚಳವನ್ನು ಜಾಗರೂಕತೆಯಿಂದ ಸಡಿಲಿಸಿ ನೋಡಿದರೆ, ಆರೋಗ್ಯವಂತ ಎಂಜಿನ್ನಿನಲ್ಲಿ ಹೆಚ್ಚೇನೂ ಕಾಣುವುದಿಲ್ಲ. ಬುಸುಬುಸನೆ ಹೊಗೆ ನುಗ್ಗಿಬಂದರೆ ರೋಗ ಸೀಲಿನದಲ್ಲ, ಒಳಗಿನದು ಅಥವಾ ಬ್ರೀದರಿನದು ಎಂದು ತಿಳಿಯಬಹುದು. ನೂರಿನ್ನೂರು ರೂಪಾಯಿಯ ಏರ್ ಫಿಲ್ಟರನ್ನು ಸಕಾಲದಲ್ಲಿ ಬದಲಾಯಿಸುವುದಕ್ಕೆ ಹಿಂದೆಗೆದವರು ಎಂಜಿನ್ ಬಿಚ್ಚುವ ಸಾವಿರಾರು ರೂಪಾಯಿಗಳ ವೆಚ್ಚಕ್ಕೆ ಗುರಿಯಾಗುವುದನ್ನು ಕಂಡಾಗ ನನಗೆ ನಿಜವಾಗಿ ಸಂಕಟವಾಗುತ್ತದೆ.

ಇಲ್ಲಿ ಅಂಬಾಸಡರ್ ಕಾರಿನ ಪ್ರಸ್ತಾಪ ಮಾಡದಿರುವುದು ಸಾಧ್ಯವಿಲ್ಲ. ೧೯೫೮ರಲ್ಲಿ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗತೊಡಗಿ ೨೦೧೪ರ ಮೇ ತಿಂಗಳಿನವರೆಗೆ ನಡೆದ ಆ ಕಾರು, ಆದೋನಿಯ ಹತ್ತಿ ವರ್ತಕರಿಗೂ ಸರಕಾರಿ ಅಧಿಕಾರಿಗಳಿಗೂ ಬಾಡಿಗೆ ಗಾಡಿಯವರಿಗೂ ದಶಕಗಳ ಕಾಲ ಸೇವೆ ಸಲ್ಲಿಸಿತು. ಅದರ ೧೪೮೯ ಸಿಸಿ ಪೆಟ್ರೋಲ್ ಎಂಜಿನ್ ಬ್ರಿಟನ್ನಿನ ಬಿಎಂಸಿ ಸಂಸ್ಥೆಯ ಬಿ-ಸೀರೀಸ್ ವಿನ್ಯಾಸದ್ದು. ಮೂರು ಮುಖ್ಯ ಬೇರಿಂಗುಗಳುಳ್ಳ ಆ ವಿನ್ಯಾಸದಲ್ಲಿ ಕ್ರ್ಯಾಂಕ್ ದಂಡದ ಹಿಂಬದಿಗೆ ರಬ್ಬರು ಸೀಲೇ ಇರಲಿಲ್ಲ. ಅದಕ್ಕೆ ಪ್ರತಿಯಾಗಿ ದಂಡದ ಮೈಮೇಲೆ ಸ್ಕ್ರೂವಿನಲ್ಲಿರುವಂತೆ ಸುರುಳಿ ಗೀರೊಂದನ್ನು ಕೊರೆದಿದ್ದರು. ದಂಡ ತಿರುಗುತ್ತಿರುವಷ್ಟು ಹೊತ್ತು ಆ ಸುರುಳಿಯು ಹೊರಗೆ ಬರಲೆತ್ನಿಸಿದ ಎಣ್ಣೆಯನ್ನು ಹಿಂದಕ್ಕೆ ತಿರುಗಿಸಿ ಚೇಂಬರಿಗೆ ಕಳುಹಿಸುವುದು. ಬುದ್ಧಿವಂತಿಕೆಯ ಉಪಾಯವೇನೋ ನಿಜ; ಆದರೆ ಎಂಜಿನ್ ನಿಂತೊಡನೆ ಸುರುಳಿಯ ಕೆಲಸವೂ ನಿಲ್ಲುವುದು, ಬೇರಿಂಗು ತೇದು ದಂಡ ಅಲುಗಾಡತೊಡಗಿದರೆ ಸುರುಳಿಗೂ ಗೋಡೆಗೂ ನಡುವಣ ಕೂದಲೆಳೆಯ ಅಂತರ ಕೆಡುವುದು, ಬ್ರೀದರ್ ಕಟ್ಟಿದರಂತೂ ಎಣ್ಣೆ ನೇರವಾಗಿ ಕ್ಲಚ್ಚಿನ ಕಡೆಗೆ ನಡೆಯುವುದು. ಹಾಗೆ ಬಂದ ಎಣ್ಣೆ ಅಲ್ಲಿ ನಿಲ್ಲದೆ ಹರಿದುಹೋಗಲೆಂದು ಕ್ಲಚ್ ಕೋಶದ ತಳದಲ್ಲಿ ಒಂದು ರಂಧ್ರವಿಟ್ಟು, ಅದು ಕೆಸರಿನಿಂದ ಮುಚ್ಚದಂತೆ ಅದರಲ್ಲಿ ಅಲುಗಾಡುವ ಒಂದು ಸ್ಪ್ಲಿಟ್ ಪಿನ್ನನ್ನು ತೂಗುಬಿಟ್ಟಿದ್ದರು. ಆ ಪಿನ್ನಿನ ತುದಿಯ ಹನಿಯನ್ನು ಕಂಡು ಚೇಂಬರಿನ ಪ್ಯಾಕಿಂಗನ್ನೇ ಮತ್ತೆ ಮತ್ತೆ ಬದಲಾಯಿಸಿ ಬೇಸತ್ತವರು ಆ ಕಾಲದಲ್ಲಿ ಬಹಳ ಮಂದಿ. ಬ್ರೀದರನ್ನು ತೊಳೆದು ಶುದ್ಧಮಾಡಿದ ಮಾತ್ರಕ್ಕೆ ಆ ಹನಿ ಕಡಿಮೆಯಾಗುವುದನ್ನು ಬಲ್ಲ ಹಳೆಯ ಮೇಸ್ತ್ರಿಗಳು ಕೆಲವರು.

ಇದರಿಂದ ನಾನು ಹೇಳಬೇಕೆಂದಿರುವ ಮುಖ್ಯವಾದ ಮಾತು ಹೊರಡುತ್ತದೆ: ಹನಿ ಬೀಳುವ ಸ್ಥಳವೂ ಎಣ್ಣೆ ಸೋರುವ ಸ್ಥಳವೂ ಒಂದೇ ಆಗಿರುವುದು ಅಪರೂಪ. ಈ ಸೀಮೆಯ ಹಳೆಯ ಮಾಳಿಗೆಯ ಮನೆಗಳಲ್ಲಿ ಬಾಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚವುಳು ಮಣ್ಣಿನ ಹೊದಿಕೆ ಮೇಲೆಲ್ಲೋ ಬಿರಿದು, ಒಳಗಿಳಿದ ಮಳೆಯ ನೀರು ತೊಲೆಯ ಮೈಗುಂಟ ಹರಿದು, ದೂರದ ಇನ್ನೊಂದು ಅಂಕಣದಲ್ಲಿ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ ಕಡೆ ಮೇಲೆ ಹತ್ತಿ ಮಣ್ಣು ಹಾಕಿದವನಿಗೆ ಮುಂದಿನ ಮಳೆಯಲ್ಲಿಯೂ ನೆನೆಯುವುದು ತಪ್ಪುವುದಿಲ್ಲ. ಎಂಜಿನ್ನಿನ ಎಣ್ಣೆಯೂ ಮೇಲಿನ ಟ್ಯಾಪೆಟ್ ಕವರಿನಿಂದ ಹೊರಟು, ಬ್ಲಾಕಿನ ಏಣುಗಳ ಮೇಲೆ ಜಾರಿ, ಕಾರು ಓಡುವಾಗಿನ ಗಾಳಿಗೆ ಹಿಂದಕ್ಕೆ ತೂರಿ, ಕೊನೆಗೆ ಚೇಂಬರಿನ ಹಿಂದಣ ಮೂಲೆಯಲ್ಲಿ ಹನಿಯಾಗಿ ನಿಲ್ಲುತ್ತದೆ. ಇದನ್ನೇ ಅನುಭವಸ್ಥ ಮೇಸ್ತ್ರಿಯೊಬ್ಬರು, ‘ಕೆಳಗ ಮಲಗಿ ಏನ್ ನೋಡ್ತೀರಿ ಸಾರ್, ಮೊದಲ ಮ್ಯಾಲಿಂದ ನೋಡ್ರಿ’ ಎಂದು ಎರಡು ಮಾತಿನಲ್ಲಿ ಹೇಳುತ್ತಿದ್ದರು. ಶೋಧನೆ ಯಾವಾಗಲೂ ಮೇಲಿನಿಂದ ಕೆಳಕ್ಕೂ ಮುಂದಿನಿಂದ ಹಿಂದಕ್ಕೂ ನಡೆಯಬೇಕು. ಒದ್ದೆಯಾಗಿರುವ ಭಾಗಗಳಲ್ಲಿ ಎಲ್ಲಕ್ಕಿಂತ ಎತ್ತರದಲ್ಲಿರುವುದೇ ಮೊದಲ ಸಂಶಯಕ್ಕೆ ಪಾತ್ರ.

ಅದಕ್ಕೂ ಮೊದಲು, ಬಿದ್ದಿರುವುದು ಎಂಜಿನ್ ಎಣ್ಣೆಯೇ ಹೌದೆ ಎಂದು ನೋಡಬೇಕು. ರಾತ್ರಿ ಗಾಡಿ ನಿಲ್ಲಿಸುವಾಗ ಅದರ ಕೆಳಗೆ ಬಿಳಿಯ ರಟ್ಟನ್ನೋ ಹಳೆಯ ಪತ್ರಿಕೆಯ ಹಾಳೆಗಳನ್ನೋ ಹಾಸಿ, ಬೆಳಿಗ್ಗೆ ಕಲೆಯ ಬಣ್ಣವನ್ನೂ ಸ್ಥಾನವನ್ನೂ ಗುರುತಿಸಿಕೊಂಡರೆ ಅರ್ಧ ಕೆಲಸವಾದಂತೆ. ಕಂದು ಅಥವಾ ಕಪ್ಪು ಬಣ್ಣದ, ಬೆರಳಿನ ನಡುವೆ ಜಾರುವ ದ್ರವ ಎಂಜಿನ್ನಿನದು. ಇನ್ನೂ ಮಂದವಾಗಿ ಗಂಧಕದ ನಾತ ಹೊಡೆಯುವುದು ಗೇರ್ ಎಣ್ಣೆ. ಹಸಿರು ಅಥವಾ ಕೆಂಪು ಬಣ್ಣದ ನೀರಿನಂಥದು ರೇಡಿಯೇಟರಿನ ಕೂಲೆಂಟ್. ಚಕ್ರದ ಒಳಮೈಯಲ್ಲಿ ಕಾಣುವ ತೆಳು ದ್ರವ ಬ್ರೇಕ್ ಎಣ್ಣೆಯಾಗಿದ್ದರೆ ಆ ಗಾಡಿಯನ್ನು ಒಂದು ಹೆಜ್ಜೆಯೂ ಓಡಿಸಬಾರದು. ಬೇಸಗೆಯಲ್ಲಿ ಎಸಿ ಹಾಕಿ ಬಂದ ಕಾರಿನ ಕೆಳಗೆ ಬೀಳುವುದು ಬರಿಯ ನೀರು. ಅದರಿಂದ ಗಾಬರಿಗೆ ಕಾರಣವಿಲ್ಲ. ಹಾಗೆಯೇ ನೆಲದ ಮೇಲೆ ಹನಿಯೇ ಇಲ್ಲದೆ ಎಣ್ಣೆಯ ಮಟ್ಟ ಮಾತ್ರ ಇಳಿಯುತ್ತಿದ್ದು, ಹೊಗೆಕೊಳವೆಯಿಂದ ನೀಲಿ ಛಾಯೆಯ ಹೊಗೆ ಬರುತ್ತಿದ್ದರೆ ಎಣ್ಣೆ ಸೋರುತ್ತಿಲ್ಲ, ಒಳಗೇ ಉರಿಯುತ್ತಿದೆ.

ಎಂಜಿನ್ ಎಣ್ಣೆಯೇ ಎಂದು ನಿಶ್ಚಯವಾದ ಮೇಲೆ ಮಾಡಬೇಕಾದ ಮೊದಲನೆಯ ಕಾರ್ಯ ತೊಳೆಯುವುದು. ಆ ಕಪ್ಪು ಪೊರೆ ಇರುವವರೆಗೆ ಹಳೆಯ ಸೋರಿಕೆಗೂ ಹೊಸ ಸೋರಿಕೆಗೂ ಭೇದ ತಿಳಿಯುವುದಿಲ್ಲ. ತಣ್ಣಗಾದ ಎಂಜಿನ್ನಿನ ಮೈಯಿಂದ ಪೊರೆಯನ್ನು ಮರದ ಚೂರಿನಿಂದ ಕೆರೆದು, ಜಿಡ್ಡು ಕರಗಿಸುವ ದ್ರಾವಣವನ್ನು ಬ್ರಶ್ಶಿನಿಂದ ಹಚ್ಚಿ, ಆಲ್ಟರ್ನೇಟರು ಮತ್ತು ವೈರುಗಳ ಕೂಡುಗಳಿಗೆ ಪ್ಲಾಸ್ಟಿಕ್ ಹೊದಿಸಿ, ಕಡಿಮೆ ಒತ್ತಡದ ನೀರಿನಿಂದ ತೊಳೆದು ಪೂರ್ತಿ ಒಣಗಿಸಬೇಕು. ಶೆಡ್ಡುಗಳಲ್ಲಿ ಪೆಟ್ರೋಲ್ ಚೆಲ್ಲಿ ತೊಳೆಯುವುದನ್ನು ಕಂಡಿದ್ದೇನೆ. ಅದು ಬೆಂಕಿಗೆ ಆಹ್ವಾನ, ಸರ್ವಥಾ ಕೂಡದು. ಒಣಗಿದ ಮೇಲೆ ಸಂಶಯದ ಸಂಧಿಗಳ ಸುತ್ತ ಟಾಲ್ಕಂ ಪೌಡರನ್ನು ತೆಳುವಾಗಿ ಉದುರಿಸಿ, ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ಬಂದು, ಟಾರ್ಚಿನ ಬೆಳಕಿನಲ್ಲಿ, ಕಣ್ಣಿಗೆ ನಿಲುಕದ ಹಿಂಬದಿಗೆ ಹಿಡಿಗನ್ನಡಿಯನ್ನು ಹಿಡಿದು ಪರೀಕ್ಷಿಸಿದರೆ, ಬಿಳಿಯ ಪುಡಿಯ ಮೇಲೆ ಕಂದು ಗೆರೆ ಹೊರಟ ತಾಣ ತಾನಾಗಿ ಗೋಚರಿಸುತ್ತದೆ. ಇಷ್ಟರಿಂದಲೂ ಸಿಕ್ಕದ ಸೂಕ್ಷ್ಮ ಸೋರಿಕೆಗೆ, ಎಣ್ಣೆಯಲ್ಲಿ ಬೆರೆಸುವ ಒಂದು ಬಣ್ಣವಿದೆ. ಕೆಲವು ಗಂಟೆ ಓಡಿಸಿ, ಕತ್ತಲಲ್ಲಿ ಅತಿನೇರಳೆ ದೀಪ ಹಿಡಿದರೆ ಸೋರಿದ ಜಾಗ ಹಳದಿ ಹಸಿರಾಗಿ ಹೊಳೆಯುತ್ತದೆ. ದೊಡ್ಡ ಸರ್ವಿಸ್ ಕೇಂದ್ರಗಳಲ್ಲಿ ಇದು ಸಾಮಾನ್ಯ.

ಈ ಕೆಲಸದಲ್ಲಿ ಪ್ರಾಣಕ್ಕೆ ಸಂಬಂಧಿಸಿದ ಒಂದು ನಿಯಮವುಂಟು. ಜಾಕಿಯೊಂದನ್ನೇ ನಂಬಿ ಕಾರಿನ ಕೆಳಗೆ ಎಂದಿಗೂ ತೂರಬಾರದು. ಗಟ್ಟಿ ನೆಲದ ಮೇಲೆ ಸ್ಟ್ಯಾಂಡುಗಳನ್ನಿಟ್ಟು ಅಥವಾ ಪಿಟ್ಟಿನ ಮೇಲೆ ನಿಲ್ಲಿಸಿ ನೋಡಬೇಕು. ಎರೆಮಣ್ಣಿನ ನೆಲದಲ್ಲಿ ಜಾಕಿ ಸದ್ದಿಲ್ಲದೆ ಕುಸಿಯುತ್ತದೆ. ಬಿಸಿಯಾಗಿರುವ ಎಂಜಿನ್ನಿನಲ್ಲಿ ಕೀಲಿ ತೆಗೆದ ಮೇಲೂ ರೇಡಿಯೇಟರಿನ ಫ್ಯಾನು ತಾನಾಗಿ ತಿರುಗತೊಡಗಬಹುದೆಂಬುದನ್ನೂ ಮರೆಯಬಾರದು.

ಮೂಲ ಸಿಕ್ಕಿದ ಮೇಲೆ ಚಿಕಿತ್ಸೆ ಬಹುಪಾಲು ಸರಳ. ಎಣ್ಣೆ ಬದಲಿಸಿದ ಮರುದಿನವೇ ಸೋರಿಕೆ ಕಂಡರೆ ಮೊದಲು ಫಿಲ್ಟರನ್ನು ನೋಡಿ: ಹಳೆಯ ಫಿಲ್ಟರಿನ ರಬ್ಬರು ಬಳೆ ಎಂಜಿನ್ನಿಗೇ ಅಂಟಿಕೊಂಡು ಉಳಿದು, ಅದರ ಮೇಲೆ ಹೊಸದು ಕೂತರೆ, ಎರಡು ಬಳೆಗಳ ನಡುವಿನಿಂದ ಎಣ್ಣೆ ಒತ್ತಡದಿಂದ ಚಿಮ್ಮುತ್ತದೆ. ಹೊಸ ಬಳೆಗೆ ಒಂದಿಷ್ಟು ಎಣ್ಣೆ ಸವರಿ, ಅದು ತಾಗುವವರೆಗೆ ಕೈಯಿಂದ ತಿರುಗಿಸಿ, ಆಮೇಲೆ ಮುಕ್ಕಾಲು ಸುತ್ತು ಬಿಗಿದರೆ ಸಾಮಾನ್ಯವಾಗಿ ಸಾಕು. ಚೇಂಬರಿನ ಡ್ರೇನ್ ಬೋಲ್ಟಿಗೆ ಪ್ರತಿ ಸಲ ಹೊಸ ವಾಷರ್ ಹಾಕಬೇಕು. ಹಳೆಯದನ್ನೇ ಇಟ್ಟು ಉದ್ದನೆಯ ಪಾನಾದಿಂದ ಬಲ ಹಾಕಿ ಬಿಗಿದರೆ ಚೇಂಬರಿನ ಥ್ರೆಡ್ಡೇ ಸವೆದುಹೋಗುತ್ತದೆ. ಟ್ಯಾಪೆಟ್ ಕವರಿನ ಪ್ಯಾಕಿಂಗ್ ಬದಲಾಯಿಸುವಾಗಲೂ ಇದೇ ಎಚ್ಚರ: ಅಲ್ಲಿನ ಬೋಲ್ಟುಗಳಿಗೆ ಬಹುತೇಕ ಸಣ್ಣ ಕಾರುಗಳಲ್ಲಿ ೧೦ ನ್ಯೂಟನ್-ಮೀಟರಿನ ಆಸುಪಾಸಿನ ಬಿಗಿತ ಸಾಕಾಗುತ್ತದೆ, ಅದನ್ನೂ ನಡುವಿನಿಂದ ಅಂಚಿನ ಕಡೆಗೆ ಕ್ರಮವಾಗಿ ಕೊಡಬೇಕು. ಸೋರುತ್ತಿದೆಯೆಂದು ಇನ್ನಷ್ಟು ಬಿಗಿದವನು ಕವರನ್ನು ಬಾಗಿಸಿ ಸೋರಿಕೆಯನ್ನು ಹೆಚ್ಚಿಸುತ್ತಾನೆ. ಒರಸಲು ಶೆಡ್ಡುಗಳಲ್ಲಿ ಬಳಸುವ ಕಾಟನ್ ವೇಸ್ಟ್ ಹೊರಮೈಗೆ ಒಳ್ಳೆಯದು. ಆದರೆ ಕವರು ತೆಗೆದ ಮೇಲೆ ಅದನ್ನು ಹತ್ತಿರ ಸೇರಿಸಬಾರದು, ಒಂದು ಎಳೆ ಒಳಗೆ ಬಿದ್ದರೂ ಅದು ಪಂಪಿನ ಜಾಲರಿಯನ್ನು ಹುಡುಕಿಕೊಂಡು ಹೋಗುತ್ತದೆ.

ಸಿಲಿಕೋನ್ ಅಂಟಿನ ವಿಷಯದಲ್ಲಿ ನನ್ನ ಅಭಿಪ್ರಾಯ ಕಠಿಣವಾಗಿದೆ. ಅದು ಇರಬೇಕಾದ ಕಡೆ, ಇರಬೇಕಾದಷ್ಟು ಇದ್ದರೆ ಉತ್ತಮ ಸಾಧನ. ಆದರೆ ಸೋರುವ ಸಂಧಿಯ ಹೊರಮೈಗೆ, ಎಣ್ಣೆಯ ಜಿಡ್ಡಿನ ಮೇಲೆಯೇ ಬೆರಳಿನಿಂದ ಬಳಿದು ಕಳುಹಿಸುವ ಪದ್ಧತಿ ದುರಸ್ತಿಯಲ್ಲ, ಮೋಸ. ಜಿಡ್ಡಿನ ಮೇಲೆ ಅದು ಹಿಡಿಯುವುದಿಲ್ಲ. ಬಿಚ್ಚಿ, ತೊಳೆದು ಹಚ್ಚುವಾಗಲೂ ಧಾರಾಳವಾಗಿ ಬಳಿದರೆ, ಬೋಲ್ಟು ಬಿಗಿದಾಗ ಒಳಕ್ಕೆ ಉಕ್ಕಿದ ಅಂಟು ಕಾಲಾಂತರದಲ್ಲಿ ಕಳಚಿ, ಚೇಂಬರಿನ ಜಾಲರಿಯನ್ನು ಮುಚ್ಚಿ, ಎಂಜಿನ್ನನ್ನೇ ಎಣ್ಣೆಯಿಲ್ಲದೆ ಹಿಡಿದುಬಿಡುವಂತೆ ಮಾಡಬಹುದು. ಸೋರಿಕೆ ನಿಲ್ಲಿಸುವುದೆಂದು ಡಬ್ಬಿಗಳಲ್ಲಿ ಮಾರುವ ದ್ರವಗಳು ಗಡುಸಾದ ರಬ್ಬರನ್ನು ಕೆಲಕಾಲ ಉಬ್ಬಿಸುತ್ತವೆ. ಹರಿದ ಸೀಲನ್ನು ಅವು ಹೊಲಿಯಲಾರವು.

ಕ್ರ್ಯಾಂಕಿನ ಹಿಂದಣ ಸೀಲು ಮಾತ್ರ ದುಬಾರಿಯ ಬಾಬತ್ತು. ಸೀಲಿನ ಬೆಲೆ ಕೆಲವೇ ನೂರು ರೂಪಾಯಿ ಇರಬಹುದು. ಆದರೆ ಅದನ್ನು ಮುಟ್ಟಲು ಗೇರ್‌ಬಾಕ್ಸನ್ನೂ ಕ್ಲಚ್ಚನ್ನೂ ಇಳಿಸಬೇಕು, ಮಜೂರಿಯೇ ಹೆಚ್ಚು. ಆದುದರಿಂದ ಇದನ್ನು ಮಾಡಿಸುವ ಮೊದಲು ಬ್ರೀದರು ಶುದ್ಧವಾಗಿದೆಯೇ, ಮೇಲಿನ ಕವರಿನಿಂದ ಎಣ್ಣೆ ಇಳಿಯುತ್ತಿಲ್ಲವೇ ಎಂಬುದನ್ನು ಎರಡು ಸಲ ನೋಡಿಸಿ. ನಿಜವಾಗಿಯೂ ಅದೇ ಸೋರುತ್ತಿದ್ದರೆ, ಕ್ಲಚ್ ತಟ್ಟೆ ತೇದು ಬದಲಾಯಿಸುವ ಕಾಲ ಸಮೀಪಿಸಿರುವಾಗ ಎರಡನ್ನೂ ಒಂದೇ ಮಜೂರಿಯಲ್ಲಿ ಮುಗಿಸುವುದು ಲಾಭಕರ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನುಗಳಲ್ಲಿ ಮುಂದಿನ ಸೀಲು ಸೋರಿದರೆ ಮಾತ್ರ ಕಾಯಬಾರದು. ಎಣ್ಣೆ ಕುಡಿದ ಬೆಲ್ಟು ಮೆತ್ತಗಾಗಿ ಹರಿದರೆ, ಎಷ್ಟೋ ಎಂಜಿನ್ನುಗಳಲ್ಲಿ ಪಿಸ್ಟನ್ನು ವಾಲ್ವಿಗೆ ಬಡಿಯುತ್ತದೆ.

ಎಷ್ಟು ಸೋರಿದರೆ ಚಿಂತಿಸಬೇಕು? ಲೆಕ್ಕ ಹಾಕಿ ನೋಡೋಣ. ಒಂದು ಹನಿ ಸುಮಾರು ಒಂದು ಮಿಲಿಲೀಟರಿನ ಇಪ್ಪತ್ತನೆಯ ಒಂದು ಭಾಗವೆಂದಿಟ್ಟುಕೊಂಡರೆ, ಹತ್ತು ಸೆಕೆಂಡಿಗೊಂದು ಹನಿಯಂತೆ ಗಂಟೆಗೆ ೧೮ ಮಿಲಿಲೀಟರ್ ಆಯಿತು. ಗಂಟೆಗೆ ೫೦ ಕಿಲೋಮೀಟರಿನಂತೆ ೧,೦೦೦ ಕಿಲೋಮೀಟರ್ ಓಡುವಷ್ಟರಲ್ಲಿ ೩೬೦ ಮಿಲಿಲೀಟರ್ ಹೋಗಿರುತ್ತದೆ. ಅನೇಕ ಕಾರುಗಳಲ್ಲಿ ಅಳತೆಕಡ್ಡಿಯ ಮೇಲಿನ ಗುರುತಿಗೂ ಕೆಳಗಿನ ಗುರುತಿಗೂ ನಡುವಣ ಅಂತರ ಒಂದು ಲೀಟರಿನ ಆಸುಪಾಸು. ಎಂದರೆ ಅಂಥ ಗಾಡಿ ಮೂರು ಸಾವಿರ ಕಿಲೋಮೀಟರಿನೊಳಗೆ ಅಪಾಯದ ಗುರುತನ್ನು ಮುಟ್ಟುತ್ತದೆ. ಇದು ಎಣ್ಣೆಯ ದೀಪ ಹೇಳುವ ವಿಷಯವಲ್ಲ. ಡ್ಯಾಶ್‌ಬೋರ್ಡಿನ ಕೆಂಪು ದೀಪ ತಿ‌ಳಿಸುವುದು ಎಣ್ಣೆಯ ಒತ್ತಡವನ್ನು, ಮಟ್ಟವನ್ನಲ್ಲ. ಅದು ಓಡುವಾಗ ಹೊತ್ತಿಕೊಂಡಿತೆಂದರೆ ಬೇರಿಂಗುಗಳು ಆಗಲೇ ಒಣಗತೊಡಗಿವೆ. ಮುಂದಿನ ಊರು ಎರಡೇ ಮೈಲಿ ಎಂದು ಲೆಕ್ಕಿಸದೆ ಅಲ್ಲಿಯೇ ನಿಲ್ಲಿಸಿ ಎಂಜಿನ್ ಆರಿಸಬೇಕು. ಸುಟ್ಟ ಎಣ್ಣೆಯ ವಾಸನೆ ಬರುತ್ತಿದ್ದರೂ ಅಂತೆಯೇ. ಕಾದು ಕೆಂಡದಂತಿರುವ ಹೊಗೆಕೊಳವೆಯ ಮೇಲೆ ಬಿದ್ದ ಎಣ್ಣೆ ಹೊತ್ತಿಕೊಂಡು ಗಾಡಿಯೇ ಬೆಂಕಿಗೆ ಆಹುತಿಯಾಗಬಲ್ಲದು.

ಇನ್ನೊಂದು ಸಂಗತಿ ಉಳಿದಿದೆ. ಸೋರಿದ ಎಣ್ಣೆಯೂ ಬದಲಿಸಿದ ಹಳೆಯ ಎಣ್ಣೆಯೂ ಈ ಸೀಮೆಯಲ್ಲಿ ಶೆಡ್ಡಿನ ಹಿಂದಣ ಮಣ್ಣಿಗೋ ಚರಂಡಿಗೋ ಹೋಗುವುದು ಹೆಚ್ಚು. ಬಳಸಿದ ಎಣ್ಣೆಯಲ್ಲಿ ಸವೆದ ಲೋಹದ ಕಣಗಳೂ ವಿಷಕರವಾದ ರಾಸಾಯನಿಕಗಳೂ ಇರುವುದರಿಂದಲೇ ಭಾರತ ಸರಕಾರದ ೨೦೧೬ರ ನಿಯಮಗಳು ಅದನ್ನು ಅಪಾಯಕಾರಿ ತ್ಯಾಜ್ಯವೆಂದು ಪರಿಗಣಿಸಿವೆ. ತುಂಗಭದ್ರೆಯ ಕೆಳಮಟ್ಟದ ಕಾಲುವೆಯ ನೀರನ್ನೂ ಕೆರೆಬಾವಿಗಳನ್ನೂ ನಂಬಿ ಬದುಕುವ ಊರುಗಳಲ್ಲಿ ಅದನ್ನು ನೆಲಕ್ಕೆ ಚೆಲ್ಲುವುದು ನೆರೆಯವರಿಗೆ ಮಾಡುವ ದ್ರೋಹ. ಡಬ್ಬಿಯಲ್ಲಿ ತುಂಬಿಟ್ಟು, ಸಂಗ್ರಹಿಸಿ ಅಧಿಕೃತ ಶುದ್ಧೀಕರಣ ಘಟಕಗಳಿಗೆ ಕಳುಹಿಸುವ ಕೇಂದ್ರಕ್ಕೆ ಒಪ್ಪಿಸಬೇಕು.

ಕಾರಿನ ಒಡೆಯರಲ್ಲಿ ನನ್ನ ವಿನಂತಿ ಇಷ್ಟು. ವಾರಕ್ಕೊಮ್ಮೆ, ಸಮತಟ್ಟಾದ ನೆಲದಲ್ಲಿ, ಎಂಜಿನ್ ನಿಂತು ಕೆಲವು ನಿಮಿಷಗಳಾದ ಮೇಲೆ ಅಳತೆಕಡ್ಡಿಯನ್ನು ಎಳೆದು, ಒರಸಿ, ಮತ್ತೆ ಅದ್ದಿ ನೋಡಿರಿ. ಮಂತ್ರಾಲಯಕ್ಕೋ ಬಳ್ಳಾರಿಗೋ ಹೊರಡುವ ಮುನ್ನಂತೂ ತಪ್ಪದೆ ನೋಡಿರಿ. ಶೆಡ್ಡಿಗೆ ಬಿಟ್ಟಾಗ, ಎಲ್ಲಿಂದ ಸೋರುತ್ತಿತ್ತೆಂಬುದನ್ನು ತೊಳೆದ ಎಂಜಿನ್ನಿನ ಮೇಲೆ ಬೆರಳಿಟ್ಟು ತೋರಿಸುವಂತೆ ಮೇಸ್ತ್ರಿಯನ್ನು ಕೇಳಿರಿ. ತೆಗೆದ ಹಳೆಯ ಸೀಲನ್ನು ಕೈಗೆ ತೆಗೆದುಕೊಂಡು ಬಾಗಿಸಿ ನೋಡಿರಿ. ಒಳ್ಳೆಯ ಮೇಸ್ತ್ರಿ ಇದಕ್ಕೆ ಬೇಸರಪಡುವುದಿಲ್ಲ.